ಮುಂದಿನ ಸಾಲಿನ ತಾಳ

ತ್ರಿಪ್ಲಿಕೇನಿನ ಪಂಢರಿನಾಥರಿಗೆ ಸಂಗೀತವೆಂದರೆ ತಾಳ. ತಾಳ ತಪ್ಪಿದವರು ಅವರ ಪಾಲಿಗೆ ಏಕಾದಶಿಯ ದಿನ ಅನ್ನ ಉಂಡವರಿಗೆ ಸಮ. ಸಭೆಗಳ ಮುಂದಿನ ಸಾಲಿನಲ್ಲಿ ಕೂತು ತೊಡೆ ತಟ್ಟುತ್ತಲೇ ತಲೆ ನರೆತ ಮನುಷ್ಯ. ಅಂಥವರ ಮಗಳು ಹರಿಪ್ರಿಯಾ ವರ್ಣ, ಕೀರ್ತನೆ ಎಲ್ಲ ಕಲಿತು, ಕಾಲೇಜಿನಲ್ಲಿ ಪಾಶ್ಚಾತ್ಯರ ಸಂಗೀತ ನಾಟಕ ಆಪೆರಾದ ರುಚಿ ಹತ್ತಿಸಿಕೊಂಡು, ಈಗ ಇನ್ಶೂರೆನ್ಸ್ ಆಫೀಸು ಮುಗಿಸಿ ಮೈಲಾಪೂರಿನ ಬೇಬಿ ಮಿಸ್ ಹತ್ತಿರ ಅದರಲ್ಲಿ ಒಬ್ಬರೇ ಹಾಡುವ ಇಟಾಲಿಯನ್ ಹಾಡು, ಆರಿಯಾ, ಕಲಿಯುತ್ತಾಳೆ. ಬೇರೆ ಅಪ್ಪನಾಗಿದ್ದರೆ ರಂಪ ಮಾಡುತ್ತಿದ್ದ. ಇವರು ಚಕಾರವೆತ್ತದೆ ಅವಳ ಕಾರ್ಯಕ್ರಮಗಳಿಗೂ ಬಂದು ಮುಂದಿನ ಸಾಲಿನಲ್ಲಿ ಕೂತರು. ತೊಂದರೆ ಶುರುವಾದದ್ದೇ ಅಲ್ಲಿ.

ಆರಿಯಾದಲ್ಲಿ ಕಾಲ ಹಾಡುವವಳ ಕೈಯಲ್ಲಿರುತ್ತದೆ. ಬೇಕಾದಲ್ಲಿ ಎಳೆಯಬೇಕು, ಒಂದು ಸ್ವರದ ಮೇಲೆ ನಿಂತೇಬಿಡಬೇಕು, ಪಿಯಾನೊ ಕಾಯುತ್ತದೆ. ಪಂಢರಿನಾಥರ ಕೈ ಕಾಯುವುದಿಲ್ಲ. ಹೋದ ವರ್ಷ ಹರಿಪ್ರಿಯಾ ಹೇಳಿಯೂ ನೋಡಿದ್ದಳು: "ಅಪ್ಪಾ, ಇದಕ್ಕೆ ತಾಳ ಹಾಕ್ಬಾರ್ದು." ಅವರು ಇಡೀ ಸಂಜೆ ಎರಡೂ ಕೈ ತೊಡೆಯಡಿ ಸಿಕ್ಕಿಸಿಕೊಂಡು, ಪೆಟ್ಟು ತಿಂದ ಮಗುವಿನಂತೆ ಕೂತರು. ಅದನ್ನು ನೋಡುತ್ತ ಹಾಡುವುದೇ ಇವಳಿಗೆ ಕಷ್ಟವಾಯಿತು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಈ ಸಲ ಹೇಳಲಿಲ್ಲ.

ಈ ಸಲವೇ ಹೇಳಬೇಕಿತ್ತು. ಬೇಬಿ ಮಿಸ್ ತಮ್ಮ ಶಿಷ್ಯರನ್ನೆಲ್ಲ ವೇದಿಕೆಯಲ್ಲಿ ಹಾಡಿಸಿ, ಒಬ್ಬರನ್ನು ಮಾತ್ರ ಡಿಸೆಂಬರಿನಲ್ಲಿ ದೊಡ್ಡ ಆರ್ಕೆಸ್ಟ್ರಾ ಜೊತೆ ಹಾಡಲು ಆರಿಸುವವರಿದ್ದರು. ಹರಿಪ್ರಿಯಾಗೆ ಅದು ನಿದ್ದೆಗೆಡುವಷ್ಟು ಬೇಕಿತ್ತು.

ಅವಳದು ಗಂಡನನ್ನು ಬೀಳ್ಕೊಡಲಾರದ ಹೆಂಗಸಿನ ಹಾಡು. ಚೆನ್ನಾಗಿಯೇ ಶುರುವಾಯಿತು. ಕೊನೆಯ ಏರು ಸ್ವರದಲ್ಲಿ ಅವಳು ಕಾಲವನ್ನೇ ತಡೆದು ನಿಲ್ಲಿಸಬೇಕು. ಪಿಯಾನೊ ನುಡಿಸುತ್ತಿದ್ದ ಮಿಸ್ ಕೈ ಎತ್ತಿ ಕಾದರು. ಕೆಳಗೆ ಅಪ್ಪನ ತೊಡೆಯ ಮೇಲೆ ತಾಳ ನಡೆದೇ ಇತ್ತು: ಪೆಟ್ಟು, ಬೆರಳು, ಬೆರಳು. ತಾಯಿ ವಿಮಲಾ ಆ ಕೈ ಹಿಡಿಯಲು ಹೋದರು, ಅಪ್ಪ ಕೊಡವಿಕೊಂಡರು. ಹರಿಪ್ರಿಯಾ ಕಣ್ಣು ಮುಚ್ಚಿದಳು. ಮುಚ್ಚಿ ಏನು ಬಂತು? ಹುಟ್ಟಿದಾಗಿನಿಂದ ಕೇಳಿದ ಕೈ ಅದು, ಅವಳ ಒಳಗೇ ಬೀಳುತ್ತಿತ್ತು. ತಾಳದ ಮೊದಲ ಪೆಟ್ಟಿಗೆ ಸರಿಯಾಗಿ, ಕತ್ತರಿಸಿದ ಹಾಗೆ, ಸ್ವರ ಇಳಿದುಬಿಟ್ಟಿತು. ಪಿಯಾನೊ ಹಿಂದೆ ಉಳಿಯಿತು.

ಆರಿಸಿದ್ದು ಬೇರೆ ಹುಡುಗಿಯನ್ನು.

ಆಟೋದಲ್ಲಿ ಪಂಢರಿನಾಥರು ಕುದಿಯುತ್ತಿದ್ದರು. "ಆ ಪೊಣ್ಣು, ಆರಿಸಿದ್ರಲ್ಲ ಆ ಹುಡುಗಿ, ಎಳೆದೂ ಎಳೆದೂ ತಾಳಾನೇ ಬಿಟ್ಬಿಟ್ಳು. ನೀ ಒಂದಕ್ಷರ ತಪ್ಪಲಿಲ್ಲ ಕಣೇ! ನಾನೇ ಹಾಕಿ ನೋಡ್ದೆನಲ್ಲ. ಶುದ್ಧ ಅನ್ಯಾಯ."

ವಿಮಲಾ ರಸ್ತೆಯ ಕಡೆ ಮುಖ ತಿರುಗಿಸಿದರು. ಹರಿಪ್ರಿಯಾ ಹಾಡಿನ ಹಾಳೆಗಳನ್ನು ಮಡಚಿ ಚೀಲಕ್ಕೆ ತುರುಕಿದಳು. ಅಪ್ಪನ ದನಿ ಮೆತ್ತಗಾಯಿತು.

"ಕವಲೆ ಪಡಬೇಡ, ಚಿಂತೆ ಬಿಡು. ನಾಳೆಯಿಂದ ನಿನ್ ಕ್ಲಾಸಿಗೂ ನಾನೇ ಬಂದು ಕೂತ್ಕೋತೀನಿ, ದಿನಾ. ನಮ್ಮ ಕಡೆಯವ್ರು ಯಾರೂ ಇಲ್ಲಾಂತ ತಾನೇ ಅವ್ರಿಗೆ ಇಷ್ಟು ಸದರ?"

ಬೇಡ ಎನ್ನಲು ಅವಳು ತಿರುಗಿದಳು. ಅಪ್ಪನ ಕಣ್ಣಲ್ಲಿ ನೀರಿತ್ತು. ಅವಳಿಗಾಗಿ.

"ಸರಿಪ್ಪಾ, ವಾಂಗೋ," ಎಂದು ತಾನೇ ಅಪ್ಪನನ್ನು ಕ್ಲಾಸಿಗೆ ಕರೆದಳು.