ಹಸಿದು ಬರುವ ಊರು

ಹೊಟ್ಟೆ ತುಂಬ ಉಂಡು ಬಂದವನನ್ನೂ ಬಾಗಿಲಲ್ಲೇ ಹಸಿದವನನ್ನಾಗಿ ಮಾಡುವ ಶಕ್ತಿ ಪಾಪ್‌ಕಾರ್ನಿನ ಪರಿಮಳಕ್ಕೆ ಮಾತ್ರ ಇದೆಯೆಂದು ನನ್ನ ದೃಢವಾದ ನಂಬಿಕೆ. ಕಾರವಾರದಿಂದ ಕಾಳಿ ಸೇತುವೆ ದಾಟಿ ಗೋವೆಯ ಮಲ್ಟಿಪ್ಲೆಕ್ಸಿಗೆ ಹೋಗುವಾಗಲೆಲ್ಲ, ಜೋಳದ ಅರಳನ್ನು ಬಕೆಟ್ಟಿನಲ್ಲಿ ಕೊಳ್ಳುವುದು ಅವಿವೇಕವೆಂದು ದಾರಿಯುದ್ದಕ್ಕೂ ಹೆಂಡತಿಗೆ ಉಪನ್ಯಾಸ ಕೊಡುವವನೂ ನಾನೇ, ಚಿತ್ರ ಶುರುವಾಗುವ ಮೊದಲೇ ಆ ಬಕೆಟ್ಟಿನ ತಳ ಕಾಣಿಸುವವನೂ ನಾನೇ.

ನನ್ನ ಈ ಜಿಹ್ವಾಚಾಪಲ್ಯದ ಮೇಲೆ ಒಂದು ಮಹೋದ್ಯಮವೇ ನಿಂತಿದೆಯೆಂಬ ಜ್ಞಾನೋದಯವಾದದ್ದು ಅಂಕೋಲೆಯ ಭಾವನ ದೆಸೆಯಿಂದ. ನನ್ನ ಅಕ್ಕನ ಗಂಡನಾದ ಈತ ಹಳೆಯ ಟಾಕೀಸೊಂದರ ಯಜಮಾನ; ಅಲ್ಲಿ ಪ್ರೇಕ್ಷಕರಿಗಿಂತ ಬಾವಲಿಗಳ ಹಾಜರಿಯೇ ಹೆಚ್ಚಾಗಿ ಬಹಳ ಕಾಲವಾಗಿತ್ತು. ದೇಶದ ತುಂಬ ಪರದೆ ಹರಡಿರುವ ದೊಡ್ಡ ಕಂಪನಿಯೊಂದು ಈಗ ಸಣ್ಣ ಊರುಗಳ ಟಾಕೀಸುಗಳನ್ನೂ ಲೀಸಿಗೆ ಹಿಡಿದು ಮಲ್ಟಿಪ್ಲೆಕ್ಸ್ ಮಾಡುತ್ತಿದೆಯೆಂದು ಕೇಳಿ ಭಾವ ಆ ಕಂಪನಿಗೆ ಬರೆದ. ಒಂದು ಭಾನುವಾರ ಅಧಿಕಾರಿಯೊಬ್ಬರು ನೋಡಲು ಬರುವುದೆಂದು ನಿಶ್ಚಯವಾಯಿತು.

“ತಮ್ಮಾ, ಅವತ್ತು ಹಾಲ್ ತುಂಬಿ ಕಾಣ್ಬೇಕು. ನಮ್ಮವ್ರನ್ನೆಲ್ಲಾ ಪಿಕ್ಚರ್ ನೋಡೂಕೆ ಕರ್ಕಂಡು ಬಾ. ಇದೂ ಆಗ್ಲಿಲ್ಲ ಅಂದ್ರೆ ನಾ ಬಾಗ್ಲು ಹಾಕೂದೇಯಾ” ಎಂದು ಭಾವ ಫೋನಿನಲ್ಲಿ ನಕ್ಕ. ಆ ನಗು ನನಗೆ ಅಳುವಿನಂತೆಯೇ ಕೇಳಿಸಿತು.

ಚಿತ್ತಾಕುಲದಿಂದ ಚೆಂಡಿಯಾದವರೆಗಿನ ಬಂಧುವರ್ಗವನ್ನು ಟೆಂಪೋಗಳಲ್ಲಿ ತುಂಬಿಕೊಂಡು ನಾನು ದಂಡನಾಯಕನಂತೆ ಹೊರಟೆ. ನಮ್ಮ ಕಡೆಯ ಹೆಂಗಸರು ಡಬ್ಬಿಯಿಲ್ಲದೆ ಹೊಸ್ತಿಲು ದಾಟುವವರಲ್ಲವೆಂಬುದು ನಿಮಗೂ ಗೊತ್ತಿರಬಹುದು. ಚಿತ್ತಾಕುಲದ ಚಿಕ್ಕಮ್ಮನಂತೂ ಅಂಕೋಲೆ ಸಮುದ್ರದ ಆಚೆಗಿದೆಯೇನೋ ಎಂಬಂತೆ ಬೆಳಗಿನಿಂದಲೇ ಬಂಗಡೆ ಮೀನು ಹುರಿದಿದ್ದಳು.

ಹಾಲ್ ತುಂಬಿತು. ಪರೀಕ್ಷಾರ್ಥವಾಗಿ ಪಾಪ್‌ಕಾರ್ನ್ ಯಂತ್ರವೊಂದನ್ನು ತಂದು ಪಡಸಾಲೆಯಲ್ಲಿ ಪ್ರತಿಷ್ಠಾಪಿಸಿದ್ದ ಆ ತರುಣ ಅಧಿಕಾರಿ ಹರ್ಷಚಿತ್ತನಾಗಿ ನನ್ನ ಪಕ್ಕದಲ್ಲೇ ಕುಳಿತು ವ್ಯಾಪಾರರಹಸ್ಯವನ್ನು ಉಪದೇಶಿಸಿದ: “ಸಿನಿಮಾ ಒಂದು ನೆಪ ಸಾರ್. ನಾವು ಬದುಕೋದು ಇಂಟರ್‌ವಲ್‌ನಲ್ಲಿ.”

ಇಂಟರ್‌ವಲ್ ಬಂತು. ದೀಪ ಹತ್ತಿತು. ಒಬ್ಬರೂ ಏಳಲಿಲ್ಲ. ಬದಲಿಗೆ ಹಾಲಿನ ಉದ್ದಗಲಕ್ಕೂ ಡಬ್ಬಿಗಳ ಮುಚ್ಚಳ ತೆರೆಯುವ ಸದ್ದು ಮೊಳಗಿತು. ಶೇಂಗಾ, ಶಂಕರಪೋಳಿ, ಅವಲಕ್ಕಿಗಳು ಸಾಲಿನಿಂದ ಸಾಲಿಗೆ ಸಂಚಾರ ಹೊರಟವು. ಹೊರಗೆ ಯಂತ್ರ ಒಂದೇ ಸಮನೆ ಪಟಪಟ ಸಿಡಿಯುತ್ತಿತ್ತು, ಅದರ ಪರಿಮಳ ಮಾತ್ರ ಚಿಕ್ಕಮ್ಮನ ಮಸಾಲೆಯೆದುರು ಒಳಗೆ ಕಾಲಿಡಲಾರದೆ ಹೋಯಿತು. ಆಕೆ ಅಧಿಕಾರಿಯ ಕೈಗೇ ಒಂದು ಬಂಗಡೆ ಇಟ್ಟು, “ತಿನ್ನಾ ಮಗಾ, ಆ ಅರಳು ತಿಂದ್ರೆ ಹೊಟ್ಟೆ ತುಂಬ್ತದ್ಯಾ?” ಎಂದಳು. ಆತ ತಿಂದ. ಇನ್ನೊಂದನ್ನು ಕೇಳಿ ತಿಂದ. ಆಮೇಲೆ ಕೈ ತೊಳೆದು ಬಂದು ಭಾವನೆದುರು ನಿಜವಾದ ದುಃಖದಿಂದ ಹೇಳಿದ: “ಹಾಲೂ ಚೆನ್ನಾಗಿದೆ, ಜನಾನೂ ಚೆನ್ನಾಗಿದಾರೆ. ಆದ್ರೆ ಸಾರ್, ನಮ್ಗೆ ಹಸ್ಕೊಂಡು ಬರೋ ಊರು ಬೇಕು.”

ಕಾಪಾಡಲು ಬಂದ ಸೈನ್ಯವೇ ಕೋಟೆ ಕೆಡವಿತ್ತು. ನಾನು ತಲೆ ತಗ್ಗಿಸಿ ನಿಂತಿದ್ದರೆ, ಭಾವ ಬಾಗಿಲಿಗೆ ಒರಗಿ ಒಳಗಿನ ತಲೆಗಳನ್ನೇ ನೋಡುತ್ತಿದ್ದ. “ಬಿಡಾ ತಮ್ಮಾ. ಹಾಲ್ ತುಂಬಿದ್ ನೋಡದೆ ಎಷ್ಟ್ ಕಾಲ ಆಗಿತ್ತು” ಎಂದ.

ಟಾಕೀಸು ಮುಚ್ಚಿತು. ಉಣ್ಣುವವರಿಗೆ ಉಣ್ಣುವ ಜಾಗವೇ ಸರಿಯೆಂದು ಭಾವ ಅದನ್ನು ಮದುವೆ ಹಾಲ್ ಮಾಡಿದ. ಮೊದಲ ಮದುವೆಗೆ ನಾವೆಲ್ಲ ಹೋದೆವು. ಈಗಿನ ಮದುವೆಗಳ ಸಂಪ್ರದಾಯದಂತೆ ಮೂಲೆಯಲ್ಲಿ ಪಾಪ್‌ಕಾರ್ನ್ ಯಂತ್ರವೂ ಇತ್ತು, ಅದೂ ಧರ್ಮಾರ್ಥ! ನಾನು ದೊಡ್ಡ ಪೊಟ್ಟಣವನ್ನೇ ತುಂಬಿಸಿಕೊಂಡು ಕುಳಿತೆ. ತಾಳಿ ಕಟ್ಟಿ ಮುಗಿದು, ಊಟಕ್ಕೆ ಏಳಬೇಕೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿಗಳಿಲ್ಲದ ಆ ಕಟ್ಟಡದಲ್ಲಿ ಮಧ್ಯಾಹ್ನವೇ ಕಗ್ಗತ್ತಲು. ಹಿಂದಿನ ಸಾಲಿನಿಂದ, ಟಾಕೀಸಿನ ಕಾಲದಲ್ಲಿ ರೀಲು ಕಡಿದಾಗ ಬರುತ್ತಿದ್ದಂಥದೇ ಒಂದು ಉದ್ದನೆಯ ಸೀಟಿ ಬಂತು. ಅದರ ಬೆನ್ನಿಗೇ ಹಾಲಿಗೆ ಹಾಲೇ ಸೀಟಿ ಹೊಡೆಯಿತು.

ಬಾಗಿಲ ಬಳಿ ಜರಿಶಲ್ಯ ಹೊದ್ದು ನಿಂತಿದ್ದ ಭಾವ ಎಲ್ಲವನ್ನೂ ಮರೆತು, ಹಳೆಯ ಯಜಮಾನನ ಗಂಟಲಿನಲ್ಲಿ ಗರ್ಜಿಸಿದ: “ಈಗ ಬರ್ತದ್ರೋ, ಸುಮ್ನೆ ಕೂತ್ಕಳ್ರೋ!”

ಎಲ್ಲರೂ ನಕ್ಕರು. ಕರೆಂಟು ಬಂದಾಗ ಭಾವ ಶಲ್ಯದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ತಿನ್ನುವುದನ್ನೇ ಮರೆತಿದ್ದ ನನ್ನ ಕೈಯಲ್ಲಿ ಪೊಟ್ಟಣ ಇನ್ನೂ ತುಂಬಿಯೇ ಇತ್ತು.