ಚಟಕಾ ಮತ್ತು ಒಂದು ‘ರಿ’

ಹಂಚಿನ ಮೇಲೆ ಉಬ್ಬಿ ಬರುವ ಜೋಳದ ರೊಟ್ಟಿಗೂ ನನಗೂ ಬಹಳ ಹೋಲಿಕೆಯಿದೆ ಗೆಳೆಯರೇ, ಇಬ್ಬರೂ ಒಳಗೆ ಗಾಳಿಯ ಹೊರತು ಏನೂ ಇಲ್ಲದೆ ಉಬ್ಬುತ್ತೇವೆ. ಆಗ ನಾನು ಬೈಲಹೊಂಗಲದಲ್ಲಿ ಕಾಲೇಜಿಗೆ ಹೋಗುತ್ತೇನೆಂದು ಹೇಳಿಕೊಂಡು ಊರವರ ದನಿ ಕದ್ದು ಅಣಕಿಸುತ್ತಿದ್ದ ಕಾಲ. ನೇಸರಗಿ ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ವ್ಯಾಪಾರ ಮುಗಿಸುವ ಕಿರಾಣಿ ಅಂಗಡಿಯ ಕಾಕಾ, ಕನ್ನಡಿಯೆದುರು ತಲೆ ಬಾಚುತ್ತ ನನಗೆ ನಾನೇ ಮರುಳಾಗುವ ನಾನೂ ಸೇರಿ ಯಾರನ್ನೂ ಬಿಟ್ಟವನಲ್ಲ. ದಕ್ಕದೆ ಉಳಿದದ್ದು ಒಂದೇ ದನಿ: ರಾಮದುರ್ಗದ ಕಡೆಯ ಸಾಲಹಳ್ಳಿಯಿಂದ ಅಣ್ಣನ ಕೈ ಹಿಡಿದು ಹೊಸದಾಗಿ ಬಂದಿದ್ದ ವೈನಿಯದು.

ಆಕೆ ಮಾತನಾಡಿದರೆ ತಾನೆ ಕದಿಯುವುದು? ‘ಹೂನ್ರಿ’, ‘ಇಲ್ರಿ’, ‘ಊಟಕ್ಕ ಏಳ್ರಿ’, ಅಷ್ಟೇ. ಮನೆಯಲ್ಲಿ ಕವಡೆ ಕಿಮ್ಮತ್ತಿಲ್ಲದ ನನಗೂ ಒಂದು ‘ರಿ’. ಮರ್ಯಾದೆಯ ಆ ಪುಟ್ಟ ಅಕ್ಷರವನ್ನು ಬಾಗಿಲಿನ ಹಾಗೆ ಎಳೆದುಕೊಂಡು ಅದರ ಹಿಂದೆ ಆಕೆ ಒಬ್ಬಳೇ ನಿಂತಿರುತ್ತಾಳೆ ಎನಿಸುತ್ತಿತ್ತು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಸಣ್ಣಗೆ ಹಾಡಿಕೊಳ್ಳುವವಳು, ಯಾರದಾದರೂ ಹೆಜ್ಜೆ ಕೇಳಿದರೆ ಹಾಡನ್ನು ನುಂಗಿಬಿಡುತ್ತಿದ್ದಳು. ಬಂದ ಮನೆ ತನ್ನದಾಗುತ್ತದೋ ಇಲ್ಲವೋ ಎಂಬ ಅಂಜಿಕೆಯನ್ನು ಮಾತ್ರ ಆಕೆಗೆ ನುಂಗಲಾಗುತ್ತಿರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ, ರೊಟ್ಟಿ ಬಡಿಯುತ್ತಿದ್ದ ಆಕೆಯನ್ನು ನಗಿಸಿಯೇ ತೀರಬೇಕೆಂದು ಒಲೆಯ ಮುಂದೆ ಕುಳಿತು, ಪಕ್ಕದಲ್ಲೇ ಇದ್ದ ಅವ್ವನ ಅಣಕ ಶುರುಮಾಡಿದೆ. ಇಲ್ಲದ ಸೆರಗು ಸಿಕ್ಕಿಸಿದೆ, ಒಲೆಗೆ ಬೈದೆ, ಕೊನೆಗೆ ಅವ್ವನ ಹಾಗೆಯೇ ಬರಿಗೈಯಿಂದ ರೊಟ್ಟಿ ತಿರುವಲು ಹೋದೆ. ಅವ್ವನ ಬೆರಳುಗಳಿಗೆ ಬೆಂಕಿಯ ಹಳೆಯ ಪರಿಚಯವಿತ್ತು; ನನ್ನವಕ್ಕೆ ಪೆನ್ನಿನ ಪರಿಚಯವೂ ಅಷ್ಟಕ್ಕಷ್ಟೆ. ಕಾದ ಹಂಚು ತಾಗಿ ಬೆರಳು ಚುರ್ರೆಂದು ಚಟಕಾ ಬಡಿಯಿತು. ಚಟಕ್ಕೂ ಚಟಕಾಕ್ಕೂ ಇರುವ ಅಂತರ ಒಂದೇ ಅಕ್ಷರವೆಂದು ಅಂದು ತಿಳಿಯಿತು.

ಚೀರಿದೆ. ಅವ್ವ ನಕ್ಕಳು, ನನ್ನ ನೋವೂ ಅಣಕವೆಂದೇ ಆಕೆಯ ನಂಬಿಕೆ. ಬೆರಳು ಕೆಂಪಾದದ್ದು ಕಂಡ ಮೇಲೆ ಗಾಬರಿಯಾಗಿ ಹಲ್ಲುಜ್ಜುವ ಪೇಸ್ಟು ತರಲು ಎದ್ದಳು. ಸುಟ್ಟದ್ದಕ್ಕೆಲ್ಲ ನಮ್ಮ ಮನೆಯಲ್ಲಿ ಅದೇ ಮದ್ದು. ಅಷ್ಟರಲ್ಲಿ ವೈನಿ ನನ್ನ ಮಣಿಕಟ್ಟು ಹಿಡಿದು ನೀರಿನ ಹರವಿಯ ಬಳಿ ಎಳೆದೊಯ್ದು, ತಂಬಿಗೆಯಿಂದ ಬೆರಳುಗಳ ಮೇಲೆ ನೀರು ಸುರಿಯತೊಡಗಿದ್ದಳು. ನಲ್ಲಿ ಬಂದ ದಿನ ತುಂಬಿಟ್ಟುಕೊಂಡು, ಮುಂದಿನ ನಲ್ಲಿಯವರೆಗೆ ಜೀವದಂತೆ ಕಾಯುವ ಕುಡಿಯುವ ನೀರು ಅದು. ಅವ್ವ ಪೇಸ್ಟು ಹಿಡಿದು ಬಂದಳು.

“ಅದನ್ನ ಹಚ್ಚಬ್ಯಾಡ್ರಿ ಅತ್ತಿ, ಕಾವು ಒಳಗ ಉಳೀತೈತಿ,” ಎಂದ ವೈನಿ, ಕೈ ಎಳೆದುಕೊಳ್ಳಹೊರಟ ನನ್ನತ್ತ ತಿರುಗಿ ಗದರಿದಳು: “ಏ ತಮ್ಮಾ, ಸುಮ್ನ ಹಿಡಿ. ತಗದಿ ಅಂದ್ರ ನೋಡ ಮತ್ತ.”

ನನಗೆ ‘ರಿ’ ಇರಲಿಲ್ಲ. ಅತ್ತೆಗೆ ಎದುರಾಡಿ, ಕುಡಿಯುವ ನೀರನ್ನು ನೆಲಕ್ಕೆ ಚೆಲ್ಲಿ, ಮೈದುನನನ್ನು ಏಕವಚನದಲ್ಲಿ ಗದರಿದ್ದು ಆಕೆಗೂ ಆಗಲೇ ಹೊಳೆದಿರಬೇಕು. ತಂಬಿಗೆ ಗಾಳಿಯಲ್ಲೇ ನಿಂತಿತು, ಮುಖ ನನ್ನ ಬೆರಳಿಗಿಂತ ಕೆಂಪಾಯಿತು. ಅವ್ವ ಹರವಿಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು.

“ಯಾಕ ನಿಂತಿ? ಹಾಕ,” ಎಂದು ಹರವಿಯ ಮುಚ್ಚಳವನ್ನು ತಾನೇ ಸರಿಸಿ ಹಿಡಿದಳು.

ನೀರು ಹರಿಯುತ್ತಲೇ ಇತ್ತು, ನನ್ನ ಯೋಚನೆಯೂ. ಮರ್ಯಾದೆ ಒಳ್ಳೆಯದೇ, ಬಂದವರನ್ನು ಕೂರಿಸಲು ಹಾಸುವ ಜಮಖಾನೆಯ ಹಾಗೆ. ಆದರೆ ಮನೆಯವರು ಬರಿ ನೆಲದ ಮೇಲೆ ಕೂರುತ್ತಾರೆ. ದೇವರಿಗೂ ತಾಯಿಗೂ ನಮ್ಮಲ್ಲಿ ಯಾರು ‘ರಿ’ ಹಚ್ಚುತ್ತಾರೆ ಹೇಳಿ? ಗದರುವ ಸಲಿಗೆ ಹುಟ್ಟುವವರೆಗೆ ಮನುಷ್ಯ ಎಷ್ಟು ರೊಟ್ಟಿ ಬಡಿದರೂ ಆ ಮನೆಗೆ ಅತಿಥಿಯೇ.

ಮರುದಿನಕ್ಕೆ ಉರಿ ಪೂರ್ತಿ ಆರಿತ್ತು. ಆದರೆ ಗಾಯ ಗುಣವಾದರೆ ‘ರಿ’ ತಿರುಗಿ ಬಂದೀತೆಂಬ ಹೆದರಿಕೆಯಿಂದ ಬೆರಳಿಗೆ ಬಟ್ಟೆ ಸುತ್ತಿಕೊಂಡು ನರಳುತ್ತ ಕುಳಿತೆ. ಕೆಲವು ದಿನ ಈ ಪ್ರಯೋಗ ಯಶಸ್ವಿಯಾಗಿ ನಡೆಯಿತು. ಒಂದು ಬೆಳಿಗ್ಗೆ ವೈನಿ ಚಹಾ ತಂದಿಟ್ಟು, ಬಟ್ಟೆ ಬಿಚ್ಚಿ, ಬೆರಳುಗಳನ್ನು ಹೊರಳಿಸಿ ಹೊರಳಿಸಿ ನೋಡಿದಳು.

“ಆರಾಮ ಆದ್ರೂ ನಿನಗ ‘ತಮ್ಮಾ’ ಅಂತನ ಕರೀತೇನಿ,” ಎಂದಳು. “ನರಳೂದು ಸಾಕ ಮಾಡು, ಚಹಾ ಆರತೈತಿ.”