ಹುಣಸೆಹಣ್ಣಿನಲ್ಲಿ ತಿಕ್ಕಿದ ಚಾಕು

ನನ್ನ ಹತ್ತಿರ ಈಗ ಹದಿನೇಳು ಚಾಕುಗಳಿವೆ. ಹೋದ ನವರಾತ್ರಿಯಲ್ಲಿ ಹದಿನೆಂಟಿದ್ದವು. ಎಲ್ಲವೂ ಮಡಚಿ ಜೇಬಿಗೆ ಹಾಕಿಕೊಳ್ಳುವಂಥವು, ಎಲ್ಲವೂ ಜಪಾನಿನ ಹಳೇ ಹಾರ್ಡ್‌ವೇರ್ ಅಂಗಡಿಗಳು ಒಂದು ಕಾಲದಲ್ಲಿ ಮಾರಿದವು. ಪೂಜೆ, ಅಡುಗೆ ಅಂತ ಇರುವ ಹೆಂಗಸಿಗೆ ಚಾಕುವಿನ ಹುಚ್ಚು ಹೇಗೆ ಹತ್ತಿತು ಎಂದು ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಹುರುಳಿಕಾಯಿಯಿಂದ ಹತ್ತಿತು.

ನಾವಿರುವುದು ಜಪಾನಿನಲ್ಲಿ, ಯಜಮಾನರ ಕೆಲಸ ವಾಕೋ ಎಂಬ ಊರಿನ ಸಂಶೋಧನಾ ಸಂಸ್ಥೆಯಲ್ಲಿ. ಮನೆಯಿಂದ ಎರಡು ಸ್ಟೇಷನ್ ಆಚೆ, ಇಲ್ಲಿಯವರ ದೇವಸ್ಥಾನವೊಂದರ ಅಂಗಳದಲ್ಲಿ ತಿಂಗಳಿಗೊಂದು ಭಾನುವಾರ ಹಳೇ ಸಾಮಾನಿನ ಸಂತೆ ಕೂರುತ್ತದೆ. ಯಾವ ದೇವರಾದರೂ ದೇವರೇ. ನಾನು ಮೊದಲು ಕೈಮುಗಿದು ಆಮೇಲೆ ಸಂತೆಗೆ ಇಳಿಯುತ್ತೇನೆ. ಕೆಲವು ವರ್ಷಗಳ ಹಿಂದೆ ಹುರುಳಿಕಾಯಿ ಹೆಚ್ಚಲು ಅಲ್ಲಿ ಒಂದು ಪುಟ್ಟ ಚಾಕು ಕೊಂಡೆ. ಹಿತ್ತಾಳೆ ಹಿಡಿ, ಕಬ್ಬಿಣದ ಅಲಗು. ಅಲಗಿನ ಬುಡದಲ್ಲಿ ಬಾಲದಂಥ ಒಂದು ತುಂಡು ಇತ್ತು, ಅದನ್ನು ಹೆಬ್ಬೆರಳಿನಿಂದ ಒತ್ತಿದರೆ ಚಾಕು ಬಿಚ್ಚಿಕೊಳ್ಳುತ್ತಿತ್ತು. ಮನೆಗೆ ತಂದು ಒರೆಸಿದರೆ ಹಿಡಿಯ ಮೇಲೆ ಏನೋ ಅಕ್ಷರ. ಮಗಳನ್ನು ಕರೆದೆ. ಅವಳು ಇಲ್ಲೇ ಬೆಳೆದವಳು, ಕನ್ನಡಕ್ಕಿಂತ ಜಪಾನೀ ಸಲೀಸು.

"ಇದು ಮಾಡಿದವರ ಹೆಸರಲ್ಲ ಅಮ್ಮಾ, ಶಾಪ್ ಹೆಸರು," ಎಂದಳು.

ಅಲ್ಲಿಂದ ಶುರುವಾಯಿತು. ಕಮ್ಮಾರರಿಂದ ಚಾಕು ತರಿಸಿ, ಅದಕ್ಕೆ ತಮ್ಮ ಗುರುತು ಹಾಕಿ ಮಾರುತ್ತಿದ್ದ ಅಂಗಡಿಗಳು ಊರೂರಿಗೂ ಇದ್ದವಂತೆ. ಶಾಲೆಯ ಮಕ್ಕಳು ಪೆನ್ಸಿಲ್ ಕೆತ್ತಲು ಇದನ್ನೇ ಕೊಳ್ಳುತ್ತಿದ್ದರಂತೆ. ಒಬ್ಬರ ಗುರುತು ವೃತ್ತ, ಇನ್ನೊಬ್ಬರದು ಬೆಟ್ಟ, ಮತ್ತೊಬ್ಬರದು ಚೌಕದೊಳಗೊಂದು ಅಕ್ಷರ. ಕೆಲವರು ಹಿತ್ತಾಳೆಯಲ್ಲಿ ಆಳವಾಗಿ ಒತ್ತಿಸುತ್ತಿದ್ದರು, ಕೆಲವರು ಅಲಗಿನ ಮೇಲೆ ತೆಳ್ಳಗೆ, ಉಗುರಿನಲ್ಲಿ ಗೀರಿದ ಹಾಗೆ. ನಾನು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ, ಫೋಟೋ ತೆಗೆಯುತ್ತಿದ್ದೆ, ನಂಬರ್ ಹಾಕಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಯಾವ ಊರಿನ ಯಾವ ಅಂಗಡಿ ಎಂದು ಒಂದೊಂದು ಪತ್ತೆಯಾದಾಗಲೂ ದೇವರಿಗೆ ಒಂದು ಹೂವು ಹೆಚ್ಚಿಗೆ. ಕೊಂಡ ಚಾಕುವನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಅಲ್ಲಿ ಇಲ್ಲಿ ತಿರುಗಬೇಡ, ಪೊಲೀಸರು ಕೇಳುತ್ತಾರೆ ಎಂದು ಯಜಮಾನರು ಪ್ರತಿ ಸಲ ಹೇಳುತ್ತಿದ್ದರು. ಆಮೇಲೆ ತಾವೇ ಸಂತೆಯಲ್ಲಿ, "ಲೇ, ಇಲ್ಲೊಂದಿದೆ ನೋಡು," ಎಂದು ಕರೆಯುತ್ತಿದ್ದರು.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆಯುಧ ಅಂದರೆ ಎರಡು ಸೈಕಲ್, ಒಂದು ಲ್ಯಾಪ್‌ಟಾಪ್, ಮಗಳ ಜಾಮಿಟ್ರಿ ಬಾಕ್ಸ್. ಹೋದ ಸಲ ಹದಿನೆಂಟು ಚಾಕುಗಳೂ ಸೇರಿದವು. ಹಿಂದಿನ ದಿನ ದೀಪ, ಗಂಟೆ, ಪಂಚಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತವಳು ಅದೇ ಕೈಯಲ್ಲಿ ಚಾಕುಗಳನ್ನೂ ಎಳೆದುಕೊಂಡೆ. ದೇವರ ಮುಂದೆ ಕಪ್ಪು ಹಿಡಿದದ್ದನ್ನು ಇಡುವುದು ಹೇಗೆ? ಹಿಡಿಯಷ್ಟೇ ಅಲ್ಲ, ಅಲಗನ್ನೂ ಸ್ಟೀಲ್ ನಾರಿನಲ್ಲಿ ಉಜ್ಜಿದೆ. ಥಳಥಳ ಹೊಳೆದವು. ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದಾಗ ಕಣ್ಣು ತುಂಬಿತು.

ನಾಲ್ಕು ದಿನ ಬಿಟ್ಟು ಕೆಳಗಿನ ಮನೆಯ ಅಜ್ಜಿ ಬಂದರು. ನಾವು ಅವರನ್ನು ಒಬಾಸಾನ್ ಅನ್ನುತ್ತೇವೆ, ಅಜ್ಜಿ ಎಂದೇ ಅರ್ಥ. ಅವರಿಗೆ ನಾನು ಒಕುಸಾನ್, ಮನೆಯಾಕೆ. ಬರುವ ಭಾನುವಾರ ತಮ್ಮ ಮಗಳ ಊರಿಗೆ ಹೊರಟಿದ್ದರು, ಇನ್ನು ಅಲ್ಲೇ ಇರುವುದು. ಹೇಳಿ ಹೋಗಲು ಅಕ್ಕಿಯ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದವರು ಕುಂಕುಮ ಹಚ್ಚಿದ ಚಾಕುಗಳ ಮುಂದೆ ನಿಂತುಬಿಟ್ಟರು. ಆಮೇಲೆ ನನ್ನ ಮಗಳಿಗೆ ಮೆಲ್ಲಗೆ ಏನೋ ಹೇಳಿದರು.

"ಅವರ ಅಪ್ಪನದೂ ಹಾರ್ಡ್‌ವೇರ್ ಶಾಪ್ ಅಂತೆ. ಇಂಥ ನೈಫ್ ಮಾರ್ತಿದ್ರಂತೆ. ಈಗ ಆ ಜಾಗ ಪಾರ್ಕಿಂಗ್ ಲಾಟ್. ಅವರ ಹತ್ರ ಶಾಪ್‌ದು ಒಂದೂ ಇಲ್ಲ, ಬೋರ್ಡ್ ಕೂಡ ಇಲ್ಲ."

ಗುರುತು ಏನಿತ್ತು ಎಂದು ಕೇಳಿಸಿದೆ. ಅಜ್ಜಿ ಪೆನ್ಸಿಲ್ ತೆಗೆದುಕೊಂಡು ಕಾಗದದ ಮೇಲೆ ಒಂದು ಬೆಟ್ಟ, ಅದರ ಕೆಳಗೆ ಮೂರು ಚುಕ್ಕೆ ಬರೆದರು.

ಅವರು ಹೋದ ಮೇಲೆ ಪುಸ್ತಕ ತೆಗೆದೆ. ಹನ್ನೊಂದನೇ ಚಾಕುವಿನ ಎದುರು ನನ್ನದೇ ಅಕ್ಷರದಲ್ಲಿತ್ತು: "ಅಲಗಿನ ಮೇಲೆ ಬೆಟ್ಟ, ಮೂರು ಚುಕ್ಕೆ. ಯಾವ ಅಂಗಡಿಯೋ ತಿಳಿಯಲಿಲ್ಲ." ಓಡಿಹೋಗಿ ಚಾಕು ಬಿಚ್ಚಿದೆ. ಅಲಗಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಬೇರೇನೂ ಇರಲಿಲ್ಲ. ಭೂತಗನ್ನಡಿ ಹಿಡಿದರೂ ಇರಲಿಲ್ಲ. ಅಷ್ಟು ವರ್ಷ ಉಳಿದಿದ್ದ ಗುರುತನ್ನು ಒಂದು ಉಂಡೆ ಹುಣಸೆಹಣ್ಣಿನಲ್ಲಿ ನಾನೇ ತೊಳೆದುಬಿಟ್ಟಿದ್ದೆ. ಆ ಹೊತ್ತಿನಲ್ಲಿ ಉಳಿದ ಪುಣ್ಯ ಒಂದೇ, ಫೋನಿನಲ್ಲಿ ಫೋಟೋ ಇತ್ತು.

"ಅಜ್ಜಿಗೆ ಚಾಕು ಕೊಟ್ಟು ಫೋಟೋ ತೋರಿಸು ಸಾಕು," ಎಂದರು ಯಜಮಾನರು. "ತಿಕ್ಕಿದ್ದನ್ನ ಯಾಕೆ ಹೇಳ್ತೀಯ? ತಾನಾಗೇ ಸವೆದಿದೆ ಅಂದ್ಕೋತಾರೆ."

"ನೀವು ನಿಮ್ಮ ಲ್ಯಾಬ್‌ನಲ್ಲಿ ಹಾಗೇ ಬರೀತೀರೇನ್ರೀ?"



ಶನಿವಾರ ಮಗಳ ಜೊತೆ ಕೆಳಗೆ ಹೋದೆ. ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಅಜ್ಜಿ ಚಾಕು ತೆಗೆದುಕೊಳ್ಳಲು ಎರಡೂ ಕೈ ಚಾಚಿದರು. ಚಾಕುವನ್ನು ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮಲ್ಲಿ ಕೆಳಗಿಡುತ್ತೇವಲ್ಲ, ನಾನು ಚಾಪೆಯ ಮೇಲಿಟ್ಟೆ. ಅವರ ಕೈ ಹಾಗೇ ಚಾಚಿಕೊಂಡಿತ್ತು. ಮಗಳು ಅವಸರದಲ್ಲಿ ಅದನ್ನು ವಿವರಿಸಿದಳು. ಫೋಟೋ ತೋರಿಸಿದೆ. ಆಮೇಲೆ, "ನಾನು ಹುಣಸೆಹಣ್ಣಿನಲ್ಲಿ ತಿಕ್ಕಿ ಅಳಿಸಿಬಿಟ್ಟೆ ಅಂತ ಹೇಳು," ಎಂದೆ.

"ಹುಣಸೆಹಣ್ಣು ಇಲ್ಲಿಯವರಿಗೆ ಗೊತ್ತಿಲ್ಲಮ್ಮ. ಉಪ್ಪಿನಲ್ಲಿ ಹಾಕಿದ ಹುಳಿ ಪ್ಲಮ್ ಥರ ಅಂತೀನಿ."

ಏನು ಹೇಳಿದಳೋ, ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ತಲೆ ಬಗ್ಗಿಸಿ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಲೇ ಇದ್ದೆ. ಅವರು ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಾಕು ಎತ್ತಿಕೊಂಡು, ನೋಡದೆಯೇ ಹೆಬ್ಬೆರಳಿನಿಂದ ಬಾಲ ಒತ್ತಿ ಬಿಚ್ಚಿದರು. ಬೆಳಕಿಗೆ ಹಿಡಿದು ನಿಧಾನವಾಗಿ ಮಾತಾಡಿದರು. ಮಗಳು ತಡೆದು ತಡೆದು ಕನ್ನಡ ಮಾಡಿದಳು.

"ಬೆಳಿಗ್ಗೆ ಶಾಪ್ ತೆಗೆದ ತಕ್ಷಣ ಇದನ್ನೆಲ್ಲ ಒರೆಸೋದು ಇವರ ಕೆಲಸ ಆಗಿತ್ತಂತೆ. ಅಪ್ಪ ತುಂಬಾ ಸ್ಟ್ರಿಕ್ಟ್ ಅಂತೆ, ಒಂದು ಬೆರಳಿನ ಗುರುತೂ ಇರಬಾರದು. ಫೋಟೋದಲ್ಲಿ ಕಪ್ಪಗಿರೋ ನೈಫ್ ಅವರಿಗೆ ಗುರುತೇ ಸಿಗಲ್ವಂತೆ ಅಮ್ಮಾ. ಶಾಪ್‌ನಲ್ಲಿ ಹೀಗೇ ಹೊಳೀತಿತ್ತಂತೆ."

ಅಜ್ಜಿ ನನ್ನ ಮಗಳ ಬ್ಯಾಗಿನಿಂದ ಮೊಂಡಾದ ಒಂದು ಪೆನ್ಸಿಲ್ ಇಸಿದುಕೊಂಡು, ರಟ್ಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಕೆತ್ತತೊಡಗಿದರು. ಸಿಪ್ಪೆ ಹೂವಿನ ಎಸಳಿನ ಹಾಗೆ ಸುರುಳಿ ಸುರುಳಿಯಾಗಿ ಬಿತ್ತು. ಹಿಡಿಯ ಸಂದಿಯಲ್ಲಿ ಒಂದಿಷ್ಟು ಕುಂಕುಮ ಉಳಿದಿತ್ತು. ಒರೆಸಿ ಕೊಡುತ್ತೇನೆಂದು ಸೆರಗು ಎತ್ತಿದೆ. ಅವರು ಚಾಕುವನ್ನು ಹಿಂದಕ್ಕೆಳೆದುಕೊಂಡು ಬೇಡವೆಂದು ತಲೆಯಾಡಿಸಿದರು.

ಆ ಪೆನ್ಸಿಲ್ಲನ್ನು ಮಗಳು ಇನ್ನೂ ಬಳಸಿಲ್ಲ. ಪುಸ್ತಕದಲ್ಲಿ ಹನ್ನೊಂದನೇ ನಂಬರಿನ ಎದುರು "ತಿಳಿಯಲಿಲ್ಲ" ಎಂದಿದ್ದನ್ನು ಹೊಡೆದುಹಾಕಿ, "ಕೆಳಗಿನ ಮನೆಯ ಅಜ್ಜಿಯ ಅಪ್ಪನ ಅಂಗಡಿ" ಎಂದು ಬರೆದಿದ್ದೇನೆ. ಅಂದು ದೇವರಿಗೆ ಎರಡು ಹೂವು ಹೆಚ್ಚಿಗೆ ಇಟ್ಟೆ. ಉಳಿದ ಹದಿನೇಳಕ್ಕೆ ಈಗ ಕುಂಕುಮ ಮಾತ್ರ, ಹುಣಸೆಹಣ್ಣು ದೀಪಗಳಿಗೆ.